ಕಿಡ್ನಿ ಗಡ್ಡೆಯನ್ನು ಸೂಜಿ ಹಾಕಿ ಸುಟ್ಟರೆ ಸಾಕಾ?

ನಿಮ್ಮ ತಂದೆಗೆ 70 ವರ್ಷ, ಕಿಡ್ನಿಯಲ್ಲಿ ಎರಡೂವರೆ ಸೆಂಟಿಮೀಟರ್ ಗಡ್ಡೆ, ಕೊಯ್ಯದೆ ಸೂಜಿಯಿಂದಲೇ ಸುಡುತ್ತೇವೆ ಅಂದಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮಪ್ಪನಿಗೂ ಇದೇ ಮಾಡಿಸಿದ್ದೆವು, ಅಷ್ಟೇ.

ಅಪ್ಪನಿಗೆ ಶುಗರ್ ಇದೆ, ಹಾರ್ಟಿಗೆ ಸ್ಟೆಂಟ್ ಹಾಕಿದೆ. ಹೊಟ್ಟೆ ಉಬ್ಬರ ಅಂತ ಸ್ಕ್ಯಾನ್ ಮಾಡಿಸಿದಾಗ 2.6 ಸೆಂಟಿಮೀಟರ್ ಗಡ್ಡೆ ಸಿಕ್ಕಿತು. ಚಿಕ್ಕ ವಯಸ್ಸು, ಗಟ್ಟಿ ದೇಹ ಇದ್ದರೆ ಗಡ್ಡೆ ಇರುವ ಭಾಗವನ್ನಷ್ಟೇ ಕೊಯ್ದು ತೆಗೆಯುವುದನ್ನೇ ಸಾಮಾನ್ಯವಾಗಿ ಮೊದಲು ಹೇಳುತ್ತಾರೆ. ಸುಟ್ಟರೆ ಅದೇ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಬಂದರೆ ಇನ್ನೊಮ್ಮೆ ಸುಡಬಹುದು. ಅಪ್ಪನ ಹಾರ್ಟ್ ನೋಡಿ ನಾವು ಸೂಜಿಗೇ ಒಪ್ಪಿದೆವು.

ರಕ್ತ ತೆಳುವಾಗಿಸುವ ಮಾತ್ರೆಯನ್ನು ಹಾರ್ಟ್ ಡಾಕ್ಟರನ್ನು ಕೇಳಿಯೇ ಮೊದಲು ನಿಲ್ಲಿಸಿದರು. ನೀವಾಗಿ ನಿಲ್ಲಿಸಬೇಡಿ. ಸಿಟಿ ಸ್ಕ್ಯಾನ್ ಮೇಜಿನ ಮೇಲೆ ಬೋರಲು ಮಲಗಿಸಿ, ಬೆನ್ನಿನಿಂದ ಸೂಜಿ ಇಳಿಸಿ, ಮೊದಲು ಬಯಾಪ್ಸಿಗೆ ಚೂರು ತೆಗೆದುಕೊಂಡರಂತೆ. ಕರುಳು ಹತ್ತಿರ ಇತ್ತು. ಅದಕ್ಕೆ ಬಿಸಿ ತಾಗದಿರಲಿ ಅಂತ ನಡುವೆ ದ್ರವ ತುಂಬಿ ದೂರ ಸರಿಸಿದರು. ಕೆಲವು ಕಡೆ ಸುಡುವ ಬದಲು ಆರ್ಗಾನ್ ಗ್ಯಾಸಿನಿಂದ ಗಡ್ಡೆಯನ್ನು ಮಂಜಿನಂತೆ ಹೆಪ್ಪುಗಟ್ಟಿಸಿ ಸಾಯಿಸುತ್ತಾರೆ.

ಹೊರಗೆ ಬಂದಾಗ ಬೆನ್ನ ಮೇಲೆ ಒಂದು ಸಣ್ಣ ಪಟ್ಟಿ. "ಇಷ್ಟಕ್ಕೇನಾ ನಿನ್ನೆಯಿಂದ ಉಪವಾಸ ಕೆಡವಿದ್ದು?" ಅಂತ ಅಪ್ಪ ರೇಗಿದರು. ಒಂದು ದಿನ ಮೂತ್ರ ಕೆಂಪಗಿತ್ತು, ಆಮೇಲೆ ಮೂರ್ನಾಲ್ಕು ದಿನ ಸಣ್ಣ ಜ್ವರ.

ನಮ್ಮ ಜೀವ ಬಾಯಿಗೆ ಬಂದದ್ದು ಮೂರು ತಿಂಗಳಾದ ಮೇಲೆ. ರಿಪೋರ್ಟಿನಲ್ಲಿ 3.4 ಸೆಂಟಿಮೀಟರ್ ಅಂತಿತ್ತು! ಗಡ್ಡೆ ಬೆಳೆದುಬಿಟ್ಟಿದೆ ಅಂತ ಅಮ್ಮ ಅಳೋಕೆ ಶುರು ಮಾಡಿದರು. ಡಾಕ್ಟರ್ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ಹಳೆಯದರಲ್ಲಿ, ಸ್ಕ್ಯಾನ್ ವೇಳೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿ ಒಳಗೆ ಹೋದ ಮೇಲೆ ಗಡ್ಡೆ ಬೆಳ್ಳಗೆ ಮಿಂಚುತ್ತಿತ್ತು. ಹೊಸದರಲ್ಲಿ ಆ ಜಾಗ ಮಂಕು ಬೂದಿ ಬಣ್ಣ, ಅಂದರೆ ಅಲ್ಲಿ ರಕ್ತ ಹರಿಯುತ್ತಿಲ್ಲ, ಗಡ್ಡೆ ಸತ್ತಿದೆ. ಗಡ್ಡೆಯ ಸುತ್ತ ಸ್ವಲ್ಪ ಒಳ್ಳೆಯ ಭಾಗವನ್ನೂ ಸೇರಿಸಿ ಸುಡುವುದರಿಂದ ಸುಟ್ಟ ಕಲೆ ಗಡ್ಡೆಗಿಂತ ದೊಡ್ಡದಾಗೇ ಕಾಣುತ್ತದೆ, ನಿಧಾನಕ್ಕೆ ಕುಗ್ಗುತ್ತದೆ. ಅಳತೆ ಅಲ್ಲ, ಮಿಂಚುತ್ತಿದೆಯಾ ಅನ್ನೋದನ್ನು ನೋಡಬೇಕು.

ನೀವು ಮುಖ್ಯವಾಗಿ ಕೇಳಬೇಕಾದ್ದು: ಗಡ್ಡೆ ಕಿಡ್ನಿಯ ಹೊರಮೈಯಲ್ಲಿದೆಯಾ, ಒಳಗೆ ಮೂತ್ರನಾಳದ ಹತ್ತಿರ ಇದೆಯಾ? 3 ಸೆಂಟಿಮೀಟರ್ ಒಳಗಿದ್ದು ಹೊರಮೈಯಲ್ಲಿದ್ದರೆ ಕೆಲಸ ಸುಲಭ. ವಯಸ್ಸಾದವರಲ್ಲಿ ಗಡ್ಡೆ ತುಂಬ ಚಿಕ್ಕದಿದ್ದರೆ ಸುಮ್ನೆ ಆಗಾಗ ಸ್ಕ್ಯಾನ್ ಮಾಡಿ ಕಾಯುವುದೂ ಉಂಟು, ಅದನ್ನೂ ಕೇಳಿ. ಹೋಗುವಾಗ ರಿಪೋರ್ಟ್ ಹಾಳೆ ಮಾತ್ರ ಅಲ್ಲ, ಸ್ಕ್ಯಾನಿನ ಸಿಡಿಯನ್ನೂ ತಗೊಂಡು ಹೋಗಿ.