ಯಾವುದರಿಂದ ಸರಿಹೋಯಿತು?

ಗೆಳೆಯರೇ,

ನೀವು ಕಳಿಸಿದ ‘ಶೆಡ್ಡಿನಲ್ಲಿ ಹುಟ್ಟಿದ ಟರ್ಬೊ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ಸಿಟ್ಟು ಬಂತು. ‘ಪ್ರಕಟಿಸಲು ಆಗುತ್ತಿಲ್ಲ, ಕ್ಷಮಿಸಿ’ ಎಂದು ಸುಮ್ನೆ ಒಂದು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ಈ ಉದ್ದನೆಯ ಪತ್ರ.

ಗುಜರಿಯಿಂದ ತಂದ ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್, ಸಣ್ಣ ಡೀಸೆಲ್ ಕಾರಿನ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಚಕ್ರ), ನೀವೇ ವೆಲ್ಡ್ ಮಾಡಿದ ಮ್ಯಾನಿಫೋಲ್ಡ್, ಲ್ಯಾಪ್‌ಟಾಪ್ ಇಟ್ಟುಕೊಂಡು ಟ್ಯೂನ್ ಮಾಡುವ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು. ಇಷ್ಟನ್ನೂ ಮನೆ ಹಿಂದಿನ ಶೆಡ್ಡಿನಲ್ಲಿ ಜೋಡಿಸಿದ್ದೀರಿ, ಭೇಷ್. ಟರ್ಬೊದಿಂದ ಆಯಿಲ್ ವಾಪಸ್ ಬರುವ ಪೈಪ್ ಪೂರ್ತಿ ಇಳಿಜಾರಾಗಿಯೇ ಇರಬೇಕು, ಎಂಜಿನ್ ತಳದ ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಬಂದು ಸೇರಬೇಕು, ಇಲ್ಲದಿದ್ದರೆ ಆಯಿಲ್ ಸೀಲ್ ದಾಟಿ ನೀಲಿ ಹೊಗೆ ಬರುತ್ತದೆ ಎಂದು ಬರೆದ ಪ್ಯಾರಾ ತುಂಬ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ಈಗ ಆರನೇ ಪುಟಕ್ಕೆ ಬರೋಣ. ನಿಮ್ಮ ಸಾಲುಗಳನ್ನೇ ಕೊಡುತ್ತೇನೆ:

‘ನಾಲ್ಕೂವರೆ ಸಾವಿರ ಆರ್‌ಪಿಎಂ ದಾಟುತ್ತಿದ್ದಂತೆ ಎಂಜಿನ್ ಮುಗ್ಗರಿಸತೊಡಗಿತು. ವಿಚಿತ್ರ ಶಬ್ದ ಕೂಡ ಬರುತ್ತಿತ್ತು. ಮೀಟರ್ ಲೀನ್ ತೋರಿಸಿತು. ಪೆಟ್ರೋಲ್ ಹೆಚ್ಚಿಸಿದೆ, ಟೈಮಿಂಗ್ ಹಿಂದಕ್ಕೆ ತಂದೆ, ಹೊಸ ಪ್ಲಗ್ ಹಾಕಿದೆ, ಸಡಿಲವಾಗಿದ್ದ ಹೋಸ್ ಕ್ಲಿಪ್ ಬಿಗಿ ಮಾಡಿದೆ. ಸಾಕಷ್ಟು ಹೋರಾಟದ ನಂತರ ಕೊನೆಗೂ ಸರಿಹೋಯಿತು. ಎಂಜಿನ್ ಹುಲಿಯಂತೆ ಘರ್ಜಿಸಿತು.’

ಇಡೀ ಲೇಖನದ ಜೀವ ಇರುವುದು ಇಲ್ಲಿ. ಓದುಗ ಐದು ಪುಟ ದಾಟಿ ಬಂದಿದ್ದು ಇದಕ್ಕೇ. ಅವನಿಗೆ ನೀವು ಕೊಟ್ಟಿದ್ದು ‘ಸಾಕಷ್ಟು ಹೋರಾಟ’ ಅನ್ನುವ ಎರಡು ಪದ. ಒಂದೊಂದೇ ಸಾಲು ನೋಡೋಣ.

‘ಮೀಟರ್ ಲೀನ್ ತೋರಿಸಿತು.’ ಲೀನ್ ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ. ಎಷ್ಟು ತೋರಿಸಿತು? ನೀವು ಜೊತೆಗೆ ಕಳಿಸಿದ ಇಸಿಯು ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಎಲ್ಲ ಇದೆ, ಲೇಖನದಲ್ಲಿ ಮಾತ್ರ ಇಲ್ಲ. 4,500 ತನಕ ಗಾಳಿ-ಪೆಟ್ರೋಲ್ ಅನುಪಾತ 11.8ರ ಆಸುಪಾಸಿನಲ್ಲಿದೆ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಇರುವಾಗ ಅದು ಸರಿಯಾಗಿಯೇ ಇದೆ. 4,600ಕ್ಕೆ ಒಮ್ಮೆಲೇ 15 ದಾಟುತ್ತದೆ. ತಕ್ಷಣ 12ಕ್ಕೆ ಇಳಿಯುತ್ತದೆ, ಮತ್ತೆ ಹಾರುತ್ತದೆ. ಪಂಪ್ ಅಥವಾ ಇಂಜೆಕ್ಟರ್ ಸಾಲದೆ ಹೋದರೆ ಗೆರೆ ಸಾಮಾನ್ಯವಾಗಿ ಮೆಲ್ಲಗೆ ಮೇಲೇರುತ್ತದೆ. ನಿಮ್ಮದು ಗರಗಸದ ಹಲ್ಲಿನ ಹಾಗಿದೆ. ಇದು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಆಗಾಗ ಉರಿಯದೆ ತಪ್ಪಿಸುತ್ತಿದೆ. ಸೈಲೆನ್ಸರ್ ಪೈಪಿನಲ್ಲಿರುವ ಸೆನ್ಸರ್ ನೇರವಾಗಿ ಪೆಟ್ರೋಲ್ ಅಳೆಯುವುದಿಲ್ಲ, ಉಳಿದ ಆಮ್ಲಜನಕ ನೋಡುತ್ತದೆ. ಒಂದು ಸಿಲಿಂಡರ್‌ನಲ್ಲಿ ಕಿಡಿ ಹತ್ತದಿದ್ದರೆ ಅಲ್ಲಿನ ಗಾಳಿ ಹಾಗೇ ಹೊರಗೆ ಬರುತ್ತದೆ. ಪೆಟ್ರೋಲ್ ಬೇಕಾದಷ್ಟು ಇದ್ದರೂ ಮೀಟರ್ ‘ಲೀನ್’ ಅನ್ನುತ್ತದೆ.

‘ಪೆಟ್ರೋಲ್ ಹೆಚ್ಚಿಸಿದೆ.’ ಹಾಗಾದರೆ ಇದು ತಪ್ಪು ಮದ್ದು, ಅಲ್ವಾ? ಎರಡನೇ ದಿನದ ಲಾಗ್‌ನಲ್ಲಿ ಹಲ್ಲುಗಳು ಜಾಸ್ತಿಯೇ ಆಗಿವೆ. ಆ ಸಂಜೆ ನಿಮಗೆ ಏನನ್ನಿಸಿತು? ಕಪ್ಪು ಹೊಗೆ ಬಂತಾ? ಪ್ಲಗ್ ಬಿಚ್ಚಿದಾಗ ಒದ್ದೆ ಇತ್ತಾ? ಮದ್ದು ಹಾಕಿದಷ್ಟೂ ಕಾಯಿಲೆ ಹೆಚ್ಚಾದ ಆ ಸಂಜೆಯನ್ನು ನೀವು ನುಂಗಿಬಿಟ್ಟಿದ್ದೀರಿ. ನನಗೆ ಬೇಕಾಗಿದ್ದುದು ಅದೇ.

‘ಹೊಸ ಪ್ಲಗ್ ಹಾಕಿದೆ.’ ಕಿಡಿ ಜಿಗಿಯುವ ಗ್ಯಾಪ್ ಎಷ್ಟು ಇಟ್ಟಿರಿ? ಹಳೆಯದರಲ್ಲಿ ಎಷ್ಟಿತ್ತು? ಟರ್ಬೊ ಇಲ್ಲದ ಎಂಜಿನ್‌ಗೆ 1 ಮಿಲಿಮೀಟರ್ ಗ್ಯಾಪ್ ನಡೆಯುತ್ತದೆ. ಬೂಸ್ಟ್ ಏರಿದಾಗ ಸಿಲಿಂಡರ್ ಒಳಗೆ ಒತ್ತಡ ಹೆಚ್ಚುತ್ತದೆ, ಅಷ್ಟೇ ಅಗಲದ ಗ್ಯಾಪ್ ಜಿಗಿಯಲು ಕಿಡಿಗೆ ಇನ್ನೂ ಜಾಸ್ತಿ ವೋಲ್ಟೇಜ್ ಬೇಕು. ಹಳೆ ಕಾಯಿಲ್ ಅಷ್ಟು ಕೊಡಲಾರದು. ಅದಕ್ಕೇ 0.7ರ ಆಸುಪಾಸಿಗೆ ತರುತ್ತಾರೆ. ಫೀಲರ್ ಗೇಜ್ ಹಿಡಿದು ನೋಡಿದ್ದರೆ ಆ ಅಂಕಿ ಬರೆಯಿರಿ. ನೋಡದೆ ಹಾಕಿದ್ದರೆ ಹಾಗಂತಲೇ ಬರೆಯಿರಿ.

‘ಹೋಸ್ ಕ್ಲಿಪ್ ಬಿಗಿ ಮಾಡಿದೆ.’ ನಿಮ್ಮ ಇಸಿಯು ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಟರ್ಬೊಗೂ ಥ್ರಾಟಲ್‌ಗೂ ನಡುವೆ ಗಾಳಿ ಸೋರಿದರೆ ಬೂಸ್ಟ್ ತಡವಾಗಿ ಬರುತ್ತದೆ, ಟರ್ಬೊಗೆ ದುಡಿತ ಹೆಚ್ಚುತ್ತದೆ. ಅದರಿಂದ ಮಿಸ್ಸಿಂಗ್ ಬರುವುದಿಲ್ಲ. ಅಂದರೆ ಕ್ಲಿಪ್ ಬಿಗಿ ಮಾಡಿದ್ದು ಒಳ್ಳೆಯದೇ, ಆದರೆ ಈ ಕಾಯಿಲೆಗೆ ಅದು ಮದ್ದಲ್ಲ. ನಾಲ್ಕನ್ನೂ ಒಂದೇ ಉಸಿರಲ್ಲಿ ಹೇಳಿ ‘ಸರಿಹೋಯಿತು’ ಅಂದರೆ, ನಾಳೆ ಇದೇ ತೊಂದರೆ ಬಂದ ಓದುಗ ಏನು ಮಾಡಬೇಕು ಹೇಳಿ.

‘ಸರಿಹೋಯಿತು’ ಅನ್ನುವ ಈ ಪದ ನನ್ನನ್ನು ಇಷ್ಟು ಕಾಡಲು ಕಾರಣ ಇದೆ. ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ನಾನು ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಪಾನಾ ಹಿಡಿದಿದ್ದೆ. ಒಂದು ದಿನ ಅಂಬಾಸಿಡರ್ ಬಂತು, ಮಿಸ್ಸಿಂಗ್ ಹೊಡೆಯುತ್ತಿತ್ತು. ಮೇಸ್ತ್ರಿ ಊಟಕ್ಕೆ ಹೋಗಿದ್ದರು. ನಾನೇ ಕೈ ಹಾಕಿದೆ. ಪಾಯಿಂಟ್, ಕಂಡೆನ್ಸರ್, ನಾಲ್ಕೂ ಪ್ಲಗ್ ಹೊಸದು ಹಾಕಿ, ಕಾರ್ಬುರೇಟರ್ ಜೆಟ್ ಊದಿ ಕೂರಿಸಿದೆ. ಗಾಡಿ ನೀಟಾಗಿ ಓಡಿತು. ಮೇಸ್ತ್ರಿ ಬಂದು ಕೇಳಿದರು: ‘ಯಾವುದ್ರಿಂದ ಸರಿಹೋತು?’ ನಾನು ಎಲ್ಲದರ ಹೆಸರೂ ಹೇಳಿದೆ. ‘ಹಳೇವು ಎಲ್ಲಿ?’ ಅಂದರು. ವೇಸ್ಟ್ ಆಯಿಲ್ ಡಬ್ಬಕ್ಕೆ ಎಸೆದಿದ್ದೆ. ಅವನ್ನು ಕೈಯಿಂದ ಹೆಕ್ಕಿಸಿ, ತೊಳೆಸಿ, ಒಂದೊಂದಾಗಿ ವಾಪಸ್ ಹಾಕಿಸಿದರು. ಪ್ಲಗ್ ಹಾಕಿದರೆ ಏನೂ ಆಗಲಿಲ್ಲ. ಕಂಡೆನ್ಸರ್ ಹಾಕಿದೆ, ಮಿಸ್ಸಿಂಗ್ ಬಂತು. ಆಗ ಹಳೆ ಪಾಯಿಂಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು. ಕಂಡೆನ್ಸರ್ ಕೆಟ್ಟಿದ್ದಕ್ಕೇ ಪಾಯಿಂಟ್ ಸುಟ್ಟಿತ್ತು. ಬರೀ ಪಾಯಿಂಟ್ ಬದಲಿಸಿ ಕಳಿಸಿದ್ದರೆ ಗಾಡಿ ಮತ್ತೆ ಅದೇ ರೋಗ ಹೊತ್ತು ಬರುತ್ತಿತ್ತು. ಆ ಹೊತ್ತಿಗೆ ಕತ್ತಲಾಗಿತ್ತು. ಗಿರಾಕಿ ಹತ್ತಿರ ಎರಡೇ ಸಾಮಾನಿನ ದುಡ್ಡು ತಗೊಂಡರು. ಆ ಮೇಸ್ತ್ರಿಗೆ ಓದು ಬರುತ್ತಿರಲಿಲ್ಲ. ಹಸ್ತಪ್ರತಿ ಓದುವುದನ್ನು ನಾನು ಕಲಿತಿದ್ದು ಅವರ ಹತ್ತಿರವೇ.

ಇನ್ನು ‘ವಿಚಿತ್ರ ಶಬ್ದ’. ಕನ್ನಡದಲ್ಲಿ ಸದ್ದಿಗೆ ಪದಗಳ ಬರವೇ? ಕಟಕಟ, ಚಟಪಟ, ಟಣ್, ಪುಸ್, ಗೊರಗೊರ ಎಂದು ಹುಟ್ಟಿದಾಗಿನಿಂದ ಹೇಳಿಕೊಂಡೇ ಬಂದಿದ್ದೇವೆ. ಸೋರುವ ಹೋಸ್ ಸುಯ್ ಅನ್ನುತ್ತದೆ. ಮಿಸ್ಸಿಂಗ್ ಆದರೆ ಸೈಲೆನ್ಸರ್ ಪಟ್ ಪಟ್ ಅಂತ ಒಡೆಯುತ್ತದೆ. ನಾಕಿಂಗ್ (ಪೆಟ್ರೋಲ್ ಕ್ರಮವಾಗಿ ಉರಿಯದೆ ತಾನಾಗಿ ಸಿಡಿಯುವುದು) ಆದರೆ ತಗಡಿನ ಡಬ್ಬಿಯಲ್ಲಿ ಗೋಲಿ ಕುಲುಕಿದ ಹಾಗೆ ಕಟಕಟ ಅನ್ನುತ್ತದೆ. ಮೊದಲ ಎರಡನ್ನು ನಿಧಾನಕ್ಕೆ ನೋಡಿಕೊಳ್ಳಬಹುದು. ನಾಕಿಂಗ್ ಪಿಸ್ಟನ್ನನ್ನೇ ಒಡೆಯುತ್ತದೆ. ಕಿಡಿಯ ಟೈಮಿಂಗ್ ಹಿಂದಕ್ಕೆ ತಂದಾಗ ಸದ್ದು ನಿಂತಿತು ಎನ್ನುವುದಾದರೆ ನಿಮ್ಮ ಎಂಜಿನ್‌ಗೆ ಎರಡು ಕಾಯಿಲೆ ಇತ್ತು, ನೀವು ಒಂದೇ ಅಂದುಕೊಂಡಿರಿ. ತಾಮ್ರದ ಪೈಪಿನ ಒಂದು ತುದಿ ಚಪ್ಪಟೆ ಬಡಿದು, ತೂತು ಕೊರೆದು, ಬ್ಲಾಕ್‌ಗೆ ಬೋಲ್ಟ್ ಮಾಡಿ. ಇನ್ನೊಂದು ತುದಿಗೆ ರಬ್ಬರ್ ಪೈಪ್ ಹಾಕಿ ಕಿವಿಗೆ ಕೊಡಿ. ಆಮೇಲೆ ಕೇಳಿದ್ದನ್ನು ಬರೆಯಿರಿ. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚಿಮುಕಿಸಿದಂಥ ಚುಕ್ಕೆ ಇದೆಯಾ, ಅದನ್ನೂ ನೋಡಿ. ಅದು ನಾಕಿಂಗ್‌ನ ಗುರುತು.

ಹುಲಿಯಂತೆ ಘರ್ಜಿಸಲೂ ಇಲ್ಲ ಅದು. ಟರ್ಬೊ ಹಾಕಿದ ಎಂಜಿನ್‌ನ ಸದ್ದು ಮೆತ್ತಗಾಗುತ್ತದೆ, ಯಾಕೆಂದರೆ ಹೊಗೆಯ ರಭಸದ ಒಂದು ಪಾಲನ್ನು ಟರ್ಬೊ ಚಕ್ರವೇ ಹೀರಿಕೊಳ್ಳುತ್ತದೆ. ಮೇಲೆ ಒಂದು ಸಣ್ಣ ಸಿಳ್ಳೆ ಕೇಳುತ್ತದೆ. 1977ರಲ್ಲಿ ರೆನೊ ಕಂಪನಿ ಟರ್ಬೊ ಕಾರನ್ನು ಫಾರ್ಮುಲಾ ಒನ್‌ಗೆ ತಂದಾಗ ಅದು ಹೊಗೆ ಕಾರುತ್ತಾ ನಿಂತುಬಿಡುತ್ತಿತ್ತು. ಜನ ಅದಕ್ಕೆ ‘ಹಳದಿ ಟೀಪಾಟ್’ ಅಂತ ಹೆಸರಿಟ್ಟರು. ಕಣ್ಣಿಗೆ ಕಂಡಿದ್ದನ್ನು ಹೇಳಿದರು ಅಷ್ಟೇ, ಇವತ್ತಿಗೂ ಆ ಹೆಸರು ಉಳಿದಿದೆ.

ಒಂದು ತಪ್ಪನ್ನು ಮಾತ್ರ ನಾನು ಬಿಡಲಾರೆ. ‘1.5 ಬಾರ್ ಬೂಸ್ಟ್’ ಎಂದು ಬರೆದಿದ್ದೀರಿ. ಲಾಗ್‌ನಲ್ಲಿರುವುದು 140 ಕಿಲೋಪಾಸ್ಕಲ್, ಅದೂ ಹೊರಗಿನ ಗಾಳಿಯ ಒತ್ತಡ ಸೇರಿಸಿ. ನೀವಿರುವ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಎಂಜಿನ್ ಆಫ್ ಇದ್ದಾಗಲೇ ಸೆನ್ಸರ್ 91ರ ಆಸುಪಾಸು ತೋರಿಸುತ್ತದೆ. ಅದನ್ನು ಕಳೆದರೆ (100 ಕಿಲೋಪಾಸ್ಕಲ್ ಅಂದರೆ 1 ಬಾರ್) ನಿಮ್ಮ ನಿಜವಾದ ಬೂಸ್ಟ್ ಸುಮಾರು ಅರ್ಧ ಬಾರ್. ನಿಮ್ಮ ಮಾತು ನಂಬಿ ಯಾರಾದರೂ ಹುಡುಗ ಬಂಕ್ ಪೆಟ್ರೋಲಿನಲ್ಲಿ, ಮೂಲ ಪಿಸ್ಟನ್ನಿನಲ್ಲೇ 1.5 ಬಾರ್ ಏರಿಸಿದರೆ ಅವನ ಎಂಜಿನ್ ಉಳಿಯುವುದಿಲ್ಲ.

ರಾತ್ರಿ ಬೈಪಾಸ್‌ನಲ್ಲಿ 140 ಓಡಿಸಿದ ಪ್ಯಾರಾ ತೆಗೆಯಿರಿ. ಆರ್‌ಸಿಯಲ್ಲಿ ಇಲ್ಲದ ಟರ್ಬೊ ಹಾಕಿ ರಸ್ತೆಗೆ ಇಳಿಯುವುದು ಕಾನೂನಿಗೂ ವಿರುದ್ಧ, ಎದುರು ಬರುವವರಿಗೂ ಅಪಾಯ.

ಮತ್ತೆ ಬರೆಯುವ ಮೊದಲು ಒಂದು ಕೆಲಸ ಮಾಡಿ. ಹಳೆ ಪ್ಲಗ್‌ಗಳನ್ನು ಬಿಸಾಡಿಲ್ಲ ತಾನೆ? ಗ್ಯಾಪ್ ಅಳೆದು, ಬರೆದಿಟ್ಟುಕೊಂಡು, ಹಾಗೇ ವಾಪಸ್ ಹಾಕಿ. ಬೇರೆ ಏನನ್ನೂ ಮುಟ್ಟಬೇಡಿ. ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದೇ ಒಂದು ಸಲ 4,600 ತನಕ ಎಳೆಸಿ. ಗರಗಸ ಮತ್ತೆ ಬಂತೋ ಇಲ್ಲವೋ, ಎರಡರಲ್ಲಿ ಯಾವುದಾದರೂ ಸರಿ, ಆ ಲಾಗ್ ಮತ್ತು ನಾಲ್ಕು ಪ್ಲಗ್‌ಗಳ ಫೋಟೊ ನನಗೆ ಕಳಿಸಿ. ಆರನೇ ಪುಟಕ್ಕೆ ಎಷ್ಟು ಜಾಗ ಬೇಕಾದರೂ ಕೊಡುತ್ತೇನೆ.

ನಿಮ್ಮ,
ಸಂಪಾದಕ