‘ಬೆಂಕಿ ನುಂಗಿದ ನೆಲ’ ಪ್ರಬಂಧದ ಬಗ್ಗೆ

ಪುಣೆಯ ಲೇಖಕಿಯವರಿಗೆ ನಮಸ್ಕಾರ.

ಮೇ ತಿಂಗಳಲ್ಲಿ ಸಾತಾರದ ಕಾಸ್ ಪಠಾರಕ್ಕೆ (ಪ್ರಸ್ಥಭೂಮಿಗೆ) ಹೋಗಿ ಬಂದು ನೀವು ಬರೆದ ಪ್ರಬಂಧ ಓದಿದೆ. ಈಗಿರುವಂತೆ ಅಚ್ಚು ಹಾಕಲಾಗದು. ಹಿಂದಿರುಗಿಸಿ ಸುಮ್ಮನಿರಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ಅಲ್ಲಿ ಶಿಖರದ ಬಾಯಿಂದ ಬೆಂಕಿ ಚಿಮ್ಮುತ್ತದೆ, ಆಕಾಶ ಕೆಂಪಾಗುತ್ತದೆ. ದಖ್ಖನ್ನಿನಲ್ಲಿ ಆದದ್ದು ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಉದ್ದುದ್ದ ಬಿರುಕುಗಳಿಂದ ಲಾವಾ ಉಕ್ಕಿ, ಹರಡಿ, ಆರಿತು. ಅದರ ಮೇಲೆ ಮತ್ತೆ ಮತ್ತೆ ಹರಿಯಿತು. ಖಂಡಾಲ ಘಾಟಿಯ ಬೆಟ್ಟಗಳಲ್ಲಿ ಕಾಣುವ ಅಡ್ಡ ಪದರಗಳು ಅವೇ. ಲೋಣಾರ್ ಸರೋವರವನ್ನು ಜ್ವಾಲಾಮುಖಿಯ ಬಾಯಿ ಎಂದಿದ್ದೀರಿ. ಅದು ಉಲ್ಕೆ ಬಿದ್ದು ಆದ ಕುಳಿ. ಇಂಥ ಒಂದು ತಪ್ಪು ಕಣ್ಣಿಗೆ ಬಿದ್ದರೆ ಓದುಗರು ಉಳಿದದ್ದನ್ನೂ ನಂಬುವುದಿಲ್ಲ.

ನನ್ನ ದೊಡ್ಡ ತಕರಾರು ‘ಇಲ್ಲಿ ಜೀವ ಸತ್ತಿದೆ’ ಎಂಬ ನಿಮ್ಮ ತೀರ್ಪಿನ ಮೇಲೆ. ಕಾಸ್‌ನಲ್ಲಿ ಬಸಾಲ್ಟಿನ, ಅಂದರೆ ಲಾವಾ ಆರಿ ಆದ ಕರಿಗಲ್ಲಿನ ಮೇಲೆ ಜಂಬಿಟ್ಟಿಗೆಯ ಹೊದಿಕೆ, ಅದರ ಮೇಲೆ ತೆಳ್ಳನೆಯ ಮಣ್ಣು. ಮರ ಬೇರೂರುವುದು ಕಷ್ಟ, ನಿಜ. ಆದರೆ ಮಳೆ ಹಿಡಿದ ಮೇಲೆ ಅದೇ ಬಂಡೆಯ ತಗ್ಗುಗಳಲ್ಲಿ ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಗಿಡ ನೀಲಿಯಾಗಿ ಅರಳುತ್ತದೆ. ಮಣ್ಣಿನಲ್ಲಿ ಸಾರ ಸಾಲದ್ದಕ್ಕೆ ಅದು ಸಣ್ಣ ಸಣ್ಣ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ಲಾವಾ ಹರಿಯುತ್ತಿದ್ದ ಕಾಲದಲ್ಲೂ ಜೀವ ಇಲ್ಲಿಂದ ಪೂರ್ತಿ ಓಡಿಹೋಗಿರಲಿಲ್ಲ. ನಮ್ಮ ಮುಂಬಯಿಯ ವರ್ಲಿಯಲ್ಲಿ ಲಾವಾ ಪದರಗಳ ನಡುವೆ ಪುಟ್ಟ ಕಪ್ಪೆಗಳ ಪಳೆಯುಳಿಕೆಗಳು ಸಿಕ್ಕಿವೆ. 1847ರಲ್ಲೇ ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವನ್ ಅವುಗಳ ಬಗ್ಗೆ ಬರೆದರು. ಒಂದು ಪ್ರವಾಹ ಆರಿ ಇನ್ನೊಂದು ಬರುವ ಮುಂಚೆ ಅಲ್ಲಿ ನೀರು ನಿಂತಿತ್ತು, ಕಪ್ಪೆಗಳಿದ್ದವು. ಈ ನಡುವಿನ ಕಾಲ ನಿಮ್ಮ ಪ್ರಬಂಧದಲ್ಲಿ ಎಲ್ಲೂ ಇಲ್ಲ.

ಏಳನೆಯ ಪುಟದ ಒಂದು ಪ್ಯಾರಾವನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಪುಣೆ ಬಳಿಯ ವಾಘೋಲಿಯ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ ವಿಜಯಪುರದ ನಿಮ್ಮ ಸೋದರಮಾವ, ಒಡೆದ ಕರಿಗಲ್ಲಿನೊಳಗೆ ಸಿಕ್ಕ ನೀಲಿ ಹರಳನ್ನು ಕರ್ಚೀಫಿನಲ್ಲಿ ಕಟ್ಟಿ ತಂದದ್ದು. ಅದು ಕ್ಯಾವನ್ಸೈಟ್ ಎಂಬ ನೀಲಿ ಖನಿಜ ಇರಬಹುದು. ಅದಕ್ಕೆ ವಾಘೋಲಿ ಜಗತ್ತಿನಲ್ಲೇ ಹೆಸರುವಾಸಿ. ಲಾವಾದೊಳಗಿನ ಗಾಳಿಗುಳ್ಳೆಗಳು ಪೊಳ್ಳಾಗಿ ಉಳಿದು, ಆಮೇಲೆ ಖನಿಜ ಕರಗಿದ ನೀರು ಇಳಿದು ಹರಳುಗಟ್ಟಿದೆ. ಇಷ್ಟು ಚಂದದ ಸಂಗತಿಯನ್ನು ನಾಲ್ಕೇ ಸಾಲಿಗೆ ಮುಗಿಸಿದ್ದೀರಲ್ಲ! ಮಾವನನ್ನು ಕೂರಿಸಿಕೊಂಡು ಮಾತಾಡಿಸಿ. ಅವರ ಊರಿನ ಎರೆಹೊಲವೂ ಇದೇ ಕಲ್ಲು ಸವೆದು ಆದ ಮಣ್ಣು; ಅಲ್ಲಿ ಜೋಳ ಬೆಳೆದವರಿಗೆ ಈ ನೆಲ ಬರಡೆಂದು ಹೇಳಲು ಆಗುತ್ತದೆಯೇ ಕೇಳಿ.

ಪ್ರಬಂಧ ಮಾವನಿಂದಲೇ ಶುರುವಾಗಲಿ. ಸೆಪ್ಟೆಂಬರಿನಲ್ಲಿ ಕಾಸ್‌ಗೆ ಇನ್ನೊಮ್ಮೆ ಹೋಗಿ, ಹೂವು ತುಳಿಯದೆ, ಕೂತು ನೋಡಿ. ದೀಪಾವಳಿ ಸಂಚಿಕೆಗೆ ಅವಸರ ಬೇಡ. ಸಂಕ್ರಾಂತಿಯೊಳಗೆ ಕಳಿಸಿದರೆ ನಾನೇ ಓದುತ್ತೇನೆ.