ನಾಲ್ಕನೇ ಕ್ಲಾಸಿಗೇ ತೆಗೆಸಿದ ಆ ಟಿ.ಸಿ. ಬಗ್ಗೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮ ಮಗಳೂ ಒಬ್ಬ ಮುಸ್ಲಿಂ ಹುಡುಗಿಯೂ ಎಲ್‌ಕೆಜಿಯಿಂದ ಒಂದೇ ಬೆಂಚಿನಲ್ಲಿ ಕೂತವರು. ನಾಲ್ಕನೇ ಕ್ಲಾಸ್ ಮುಗಿದ ಕೂಡಲೇ ಆ ಹುಡುಗಿಯ ಅಪ್ಪ ಟಿ.ಸಿ. ತೆಗೆಸಿ ಹೆಣ್ಣುಮಕ್ಕಳ ಸ್ಕೂಲಿಗೆ ಸೇರಿಸಿದರು. ಕೇಳಿದ್ದಕ್ಕೆ "ನಮ್ಮ ದೀನ್‌ನಲ್ಲಿ ಹಾಗೇ ಮೇಡಂ" ಅಂದರಂತೆ. ದೀನ್ ಅಂದರೆ ಧರ್ಮ. ನಿಮ್ಮ ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ಹತ್ತು ವರ್ಷದ ಮಕ್ಕಳನ್ನು ಬೇರೆ ಕೂರಿಸಿ ಅಂತ ಇಸ್ಲಾಂ ನಿಜವಾಗಿ ಹೇಳುತ್ತಾ ಅಂತ ಕೇಳಿದ್ದೀರಿ.

ನಾನು ಆಲಿಮಾ, ಅಂದರೆ ಧರ್ಮಶಾಸ್ತ್ರ, ಓದಿದವಳಲ್ಲ. ಆರ್.ಟಿ. ನಗರದ ಕಡೆ ಒಂದು ಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಗಣಿತ ಹೇಳಿಕೊಟ್ಟವಳು. ಮನೆಯಲ್ಲಿ ದಖ್ಖನಿ ಉರ್ದು, ಓದಿದ್ದು ಕನ್ನಡ ಮೀಡಿಯಂ. ಪ್ರತಿ ಏಪ್ರಿಲ್‌ನಲ್ಲಿ ಟಿ.ಸಿ. ಕೇಳಿಕೊಂಡು ಬರುವ ಅಪ್ಪಂದಿರನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿ ನೋಡಿ ಅಭ್ಯಾಸವಾಗಿದೆ. ನಾನೂ ಒಮ್ಮೆ ನನ್ನ ಮಗಳಿಗಾಗಿ ಆ ಸಾಲಿನಲ್ಲಿ ನಿಂತಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಖುರ್‌ಆನ್‌ನಲ್ಲಿ ಸ್ಕೂಲಿನ ಮಾತೇ ಇಲ್ಲ. ಇರುವುದು ವಯಸ್ಸಿನ ಮಾತು, ನಡತೆಯ ಮಾತು. 24ನೇ ಅಧ್ಯಾಯ ಸೂರಾ ನೂರ್‌ನಲ್ಲಿ ದೃಷ್ಟಿ ತಗ್ಗಿಸಿ ಅಂತ ಮೊದಲು ಹೇಳಿರುವುದು ಗಂಡಸರಿಗೆ, 30ನೇ ವಚನದಲ್ಲಿ. ಹೆಂಗಸರಿಗೆ ಹೇಳಿರುವುದು ಅದರ ಮುಂದಿನ ವಚನದಲ್ಲಿ. (ಶುಕ್ರವಾರದ ಜುಮಾ ಪ್ರವಚನಗಳಲ್ಲಿ ಈ ಕ್ರಮ ಯಾಕೋ ಉಲ್ಟಾ ಆಗಿಬಿಡುತ್ತದೆ.) ಅದೇ 31ನೇ ವಚನ ಹೆಂಗಸರು ಯಾರ ಮುಂದೆ ಪರ್ದಾ ಇಲ್ಲದೆ ಇರಬಹುದು ಅಂತ ಪಟ್ಟಿ ಕೊಡುತ್ತದೆ. ಹೆಣ್ಣಿನ ಮೈ ಬಗ್ಗೆ ಇನ್ನೂ ತಿಳಿವಳಿಕೆ ಬಾರದ ಚಿಕ್ಕ ಮಕ್ಕಳೂ ಆ ಪಟ್ಟಿಯಲ್ಲಿದ್ದಾರೆ. 58ನೇ ವಚನಕ್ಕೆ ಬಂದರೆ, ಬಾಲಿಗ್ ಆಗದ, ಅಂದರೆ ಪ್ರಾಯಕ್ಕೆ ಬಾರದ, ಮಕ್ಕಳು ದೊಡ್ಡವರ ಕೋಣೆಗೆ ದಿನಕ್ಕೆ ಮೂರು ಹೊತ್ತಿನಲ್ಲಿ ಮಾತ್ರ ಅನುಮತಿ ಕೇಳಿ ಬಂದರೆ ಸಾಕು ಅನ್ನುತ್ತದೆ. ಬೆಳಗಿನ ಜಾವದ ಫಜರ್ ನಮಾಜಿಗೆ ಮುಂಚೆ, ಮಧ್ಯಾಹ್ನ ಬಟ್ಟೆ ಸಡಿಲಿಸಿಕೊಂಡು ಮಲಗುವಾಗ, ರಾತ್ರಿ ಇಶಾ ನಮಾಜ್ ಆದ ಮೇಲೆ. ಬಾಲಿಗ್ ಆದ ಮೇಲೆ ಯಾವಾಗಲೂ ಕೇಳಿಯೇ ಬರಬೇಕು ಅನ್ನುವುದು 59ನೇ ವಚನ. ಅಂದರೆ ಮಗು ಒಂದೊಂದೇ ಮೆಟ್ಟಿಲು ಹತ್ತಿ ದೊಡ್ಡದಾಗುತ್ತದೆ, ನಿಯಮವೂ ಅದರ ಜೊತೆ ಹತ್ತುತ್ತದೆ.

ಬಾಲಿಗ್ ಅಂದರೆ ನಾವು ಕನ್ನಡದಲ್ಲಿ 'ದೊಡ್ಡವಳಾದಳು' ಅನ್ನುತ್ತೇವಲ್ಲ, ಅದು. ಗಂಡುಮಕ್ಕಳಿಗೂ ಇದೇ ಪದ. ಬೆಂಗಳೂರಿನ ದಖ್ಖನಿ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು, ಅಂದರೆ ಹನಫಿ ಅನ್ನುವ ಶಾಸ್ತ್ರ ಪಂಥದವರು. ಹನಫಿ ಪುಸ್ತಕಗಳಲ್ಲಿ ಹೆಣ್ಣು ಬಾಲಿಗ್ ಆಗಬಹುದಾದ ಕಡಿಮೆ ವಯಸ್ಸು 9, ಗಂಡು 12. ಯಾವ ಲಕ್ಷಣವೂ ಕಾಣದಿದ್ದರೆ 15ಕ್ಕೆ ಆದರು ಅಂತ ಲೆಕ್ಕ.

ಹಾಗಾದರೆ ಈ ಹತ್ತು ವರ್ಷ ಎಲ್ಲಿಂದ ಬಂತು? ಅಬೂ ದಾವೂದ್ ಸಂಗ್ರಹದಲ್ಲಿರುವ ಒಂದು ಹದೀಸ್‌ನಿಂದ, ಅಂದರೆ ಪ್ರವಾದಿಯವರ ಮಾತು ಅಂತ ದಾಖಲಾದದ್ದರಿಂದ. ಏಳು ವರ್ಷಕ್ಕೆ ಮಕ್ಕಳಿಗೆ ನಮಾಜ್ ಮಾಡಲು ಹೇಳಿ, ಹತ್ತಕ್ಕೆ ತಪ್ಪಿಸಿದರೆ ಶಿಕ್ಷಿಸಿ, ಅವರ ಹಾಸಿಗೆ ಬೇರೆ ಬೇರೆ ಮಾಡಿ ಅನ್ನುತ್ತದೆ ಅದು. ಅದರಲ್ಲಿರುವುದು ಹಾಸಿಗೆ. ಅಣ್ಣ ತಂಗಿ ಒಂದೇ ಚಾಪೆಯಲ್ಲಿ ಮಲಗುವ ಮನೆಗೆ ಹೇಳಿದ ಮಾತು. ಬಾಯಿಂದ ಬಾಯಿಗೆ ಬರುವಾಗ ಅದು 'ಹತ್ತಕ್ಕೆ ಬೇರೆ ಮಾಡಿ' ಅಂತ ಚಿಕ್ಕದಾಯಿತು. ಹತ್ತು ವರ್ಷ ಅಂದರೆ ನಮ್ಮಲ್ಲಿ ಐದನೇ ಕ್ಲಾಸು. ನಿಮ್ಮ ಮಗಳ ಗೆಳತಿಯ ಟಿ.ಸಿ.ಯ ಮೇಲೆ ಕಾಣುವುದು ಇದೇ ಲೆಕ್ಕ ಅಂತ ನನ್ನ ಅಂದಾಜು.

ಆದರೆ ಹಾಸಿಗೆಯ ಮಾತನ್ನು ಬೆಂಚಿಗೆ ಎಳೆದವರೆಲ್ಲ ದಡ್ಡರು ಅಂದುಕೊಳ್ಳಬೇಡಿ. ಉಲಮಾಗಳಲ್ಲಿ, ಅಂದರೆ ಧರ್ಮ ಪಂಡಿತರಲ್ಲಿ, ಒಂದು ಹಳೆಯ ದಾರಿ ಇದೆ. ತಪ್ಪಿಗೆ ದಾರಿಯಾಗಬಹುದಾದ್ದನ್ನು ತಪ್ಪು ನಡೆಯುವ ಮುಂಚೆಯೇ ಮುಚ್ಚಬೇಕು ಅನ್ನುವುದು. ಹಳ್ಳಿಯಲ್ಲಿ ಮಗು ಬೀಳುವ ಮುಂಚೆಯೇ ಬಾವಿಗೆ ಕಟ್ಟೆ ಕಟ್ಟುತ್ತಾರಲ್ಲ, ಹಾಗೆ. ಸೌದಿಯ ದೊಡ್ಡ ಮುಫ್ತಿ (ಧರ್ಮದ ವಿಷಯದಲ್ಲಿ ಅಭಿಪ್ರಾಯ ಕೊಡುವವರು) ಆಗಿದ್ದ ಇಬ್ನ್ ಬಾಜ್ ಅವರು ಪ್ರೈಮರಿಯಲ್ಲೂ ಒಟ್ಟಿಗೆ ಕೂರಿಸುವುದು ಬೇಡ ಅಂದವರು. ಈಜಿಪ್ಟ್ ಮೂಲದ ವಿದ್ವಾಂಸ ಯೂಸುಫ್ ಖರ್ದಾವಿ ಇನ್ನೊಂದು ಕಡೆಯವರು. ಗಂಡು ಹೆಣ್ಣು ಒಂದೇ ಜಾಗದಲ್ಲಿ ಇರುವುದೇ ಹರಾಮ್ ಅಲ್ಲ, ಅಲ್ಲಿನ ನಡತೆ ನೋಡಬೇಕು ಅಂದರು. ಹೀಗೆ ಗಂಡು ಹೆಣ್ಣು ಬೆರೆಯುವುದಕ್ಕೆ ಈಗ ಬಳಸುವ 'ಇಖ್ತಿಲಾತ್' ಅನ್ನುವ ಪದವೇ ಹಳೆಯ ಶಾಸ್ತ್ರದ ಮಾತಲ್ಲ ಅಂತಲೂ ಹೇಳಿದರು. ಇಬ್ಬರೂ ಒಪ್ಪುವುದು ಖಲ್ವತ್ ಕೂಡದು ಅನ್ನುವ ವಿಷಯದಲ್ಲಿ. ಪರ ಗಂಡು, ಪರ ಹೆಣ್ಣು ಮುಚ್ಚಿದ ಜಾಗದಲ್ಲಿ ಇಬ್ಬರೇ ಇರುವುದಕ್ಕೆ ಖಲ್ವತ್ ಅನ್ನುತ್ತಾರೆ. ನಲವತ್ತು ಮಕ್ಕಳು ಗಲಾಟೆ ಮಾಡುವ ಕ್ಲಾಸ್ ರೂಮು ಖಲ್ವತ್ ಆಗುವುದಿಲ್ಲ. ಒಬ್ಬಳೇ ಹುಡುಗಿ, ಒಬ್ಬನೇ ಟ್ಯೂಷನ್ ಸರ್, ಬಾಗಿಲು ಹಾಕಿದ ರೂಮು ಆದರೆ ಆಗುತ್ತದೆ. ಸ್ಕೂಲ್ ಬದಲಾಯಿಸುವ ಎಷ್ಟೋ ಮನೆಗಳಲ್ಲಿ ಇಂಥ ಟ್ಯೂಷನ್ ಬಗ್ಗೆ ಯಾರೂ ಯೋಚಿಸುವುದಿಲ್ಲ, ನೋಡಿ ನಗು ಬರುತ್ತದೆ.

ಒಂದೇ ಹದೀಸ್ ಎರಡೂ ಕಡೆಯವರ ಕೈಗೆ ಸಿಗುವುದೂ ಉಂಟು. ಬುಖಾರಿ ಅನ್ನುವ ಹದೀಸ್ ಸಂಗ್ರಹದಲ್ಲಿ ಬರುತ್ತದೆ: ಹೆಂಗಸರು ಪ್ರವಾದಿಯವರ ಹತ್ತಿರ ಹೋಗಿ, ನಿಮ್ಮ ಹೊತ್ತೆಲ್ಲ ಗಂಡಸರಿಗೇ ಆಗುತ್ತಿದೆ, ನಮಗೂ ಒಂದು ದಿನ ಕೊಡಿ ಅಂದರು. ಅವರು ಕೊಟ್ಟರು. ನೋಡಿ, ಆಗಲೇ ಪ್ರತ್ಯೇಕ ಕ್ಲಾಸ್ ಇತ್ತು ಅನ್ನುತ್ತಾರೆ ಒಂದು ಕಡೆಯವರು. ಆ ಹೆಂಗಸರು ಮದೀನಾದ ಮಸೀದಿಗೆ ಮೊದಲೇ ಬರುತ್ತಿದ್ದರು, ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು, ನಡುವೆ ಗೋಡೆ ಇರಲಿಲ್ಲ. ಅವರು ಕೇಳಿದ್ದು ಇನ್ನೂ ಜಾಸ್ತಿ ಪಾಠ ಅನ್ನುತ್ತಾರೆ ಇನ್ನೊಂದು ಕಡೆಯವರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಟೀಚರ್ ಆದವಳಿಗೆ ಹಾಗೇ ಅನ್ನಿಸುವುದು ಬಿಡಿ.

ಮಕ್ಕಳ ಸ್ಕೂಲಿನ ಬಗ್ಗೆಯೇ ನೇರವಾಗಿ ಬರೆದವರೂ ಇದ್ದಾರೆ. ಇಬ್ನ್ ಸಹನೂನ್ ಅಂತ 9ನೇ ಶತಮಾನದವರು, ಈಗಿನ ಟುನೀಷಿಯಾದ ಖೈರವಾನ್ ಊರಿನವರು. ಮೇಷ್ಟ್ರುಗಳಿಗಾಗಿಯೇ ಒಂದು ಚಿಕ್ಕ ಪುಸ್ತಕ ಬರೆದರು. ಹುಡುಗಿಯರನ್ನು ಹುಡುಗರ ಜೊತೆ ಬೆರೆಸಿ ಕೂರಿಸುವುದು ಒಳ್ಳೆಯದಲ್ಲ ಅಂತ ಅದರಲ್ಲಿದೆ. ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ಬೇರೆಯೇ. ಹಾಗೆ ಕೂರಿಸುವ ಮೇಷ್ಟ್ರುಗಳು ಆಗಲೂ ಇದ್ದಿರಬೇಕು ಅಲ್ವಾ? ಇಲ್ಲದ್ದನ್ನು ಯಾರು ಬೇಡ ಅನ್ನುತ್ತಾರೆ? ಇನ್ನು 11ನೇ ಶತಮಾನದಲ್ಲಿ ಕರೀಮಾ ಮರ್ವಜಿಯ್ಯಾ ಅನ್ನುವ ಹೆಣ್ಣುಮಗಳು ಮಕ್ಕಾದಲ್ಲಿ ಬುಖಾರಿ ಪಾಠ ಹೇಳುತ್ತಿದ್ದರು. ಬಗ್ದಾದಿನ ದೊಡ್ಡ ದೊಡ್ಡ ಗಂಡಸು ವಿದ್ವಾಂಸರು ಅವರ ಹತ್ತಿರ ಹೋಗಿ ಓದಿದರು.

ಈಗ ಬೆಂಗಳೂರಿಗೆ ಬನ್ನಿ. ನಮ್ಮ ಗಲ್ಲಿಯ ಮಸೀದಿಗೆ ಸಂಜೆ ಅರಬ್ಬಿ ಓದಲು ಬರುವ ಪುಟ್ಟ ಮಕ್ಕಳಲ್ಲಿ ಹುಡುಗಿಯರೂ ಇರುತ್ತಾರೆ, ಹುಡುಗರೂ ಇರುತ್ತಾರೆ. ಒಬ್ಬರೇ ಹಜ್ರತ್ (ಮಸೀದಿಯ ಗುರು), ಎರಡು ಚಾಪೆ. ಹುಡುಗಿಗೆ ಒಂಬತ್ತು ಹತ್ತು ಆದಾಗ ಮಸೀದಿ ಬಿಟ್ಟು ಪಕ್ಕದ ಬೀದಿಯಲ್ಲಿ ಪಾಠ ಹೇಳುವ ಆಪಾ (ಅಕ್ಕ) ಮನೆಗೆ ಓದಲು ಹೋಗುತ್ತಾಳೆ. ಯಾರೂ ಅಳುವುದಿಲ್ಲ, ಗೆಳತಿಯರೆಲ್ಲ ಜೊತೆಗೇ ಹೋಗುತ್ತಾರೆ. ನಿಮ್ಮ ಮಗಳ ಗೆಳತಿಯ ಮನೆಯವರಿಗೆ ಸ್ಕೂಲಿನದೂ ಅಷ್ಟೇ ಸಹಜ ಅಂತ ಕಂಡಿರಬಹುದು.

ಇದು ಮುಸ್ಲಿಮರ ವಿಷಯ ಅಂತ ಮಾತ್ರ ನೋಡಿದರೆ ಊರೇ ನಗುತ್ತದೆ. ಬಿಷಪ್ ಕಾಟನ್‌ನಲ್ಲಿ ಹುಡುಗರ ಸ್ಕೂಲ್ ಬೇರೆ, ಹುಡುಗಿಯರದು ಬೇರೆ. ಬಾಲ್ಡ್‌ವಿನ್ಸ್‌ನಲ್ಲೂ ಹಾಗೆಯೇ. ಮಹಾರಾಣಿ ಕಾಲೇಜಿನ ಗೇಟಿನ ಮುಂದೆ ನಿಂತು ಯಾರೂ ಶಾಸ್ತ್ರ ಕೇಳುವುದಿಲ್ಲ. ಮೈನೆರೆದ ಮೇಲೆ ಸ್ಕೂಲ್ ಬಿಡಿಸಿಕೊಂಡ ಅಜ್ಜಿ ನಿಮ್ಮ ಮನೆಯಲ್ಲೂ ಇರಬಹುದು.

ನಮ್ಮ ಮನೆಯ ಕತೆ ಹೇಳುತ್ತೇನೆ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ನನ್ನ ಅಕ್ಕ ಲೆಕ್ಕದಲ್ಲಿ ನನಗಿಂತ ಚುರುಕು. ಏಳನೇ ಕ್ಲಾಸ್ ಪಬ್ಲಿಕ್ ಪರೀಕ್ಷೆಯಲ್ಲಿ ಊರಿಗೇ ಮೊದಲು ಬಂದಳು. ಇದ್ದ ಒಂದೇ ಹೈಸ್ಕೂಲಿನಲ್ಲಿ ಹುಡುಗರೂ ಇದ್ದರು. ಅಬ್ಬಾ ಕಳಿಸಲಿಲ್ಲ. "ಮಗಳ ಮೇಲೆ ನಂಬಿಕೆ ಇದೆ, ಊರ ಬಾಯಿ ಯಾರು ಮುಚ್ಚುತ್ತಾರೆ" ಅಂದರು. ಅಕ್ಕ ಬೀಡಿ ಕಟ್ಟಲು ಕೂತಳು. ನಾಲ್ಕು ವರ್ಷದ ಮೇಲೆ ಅದೇ ಕಾಂಪೌಂಡಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲ್ ಶುರುವಾಯಿತು. ನಾನು ಎಂಟನೇ ಕ್ಲಾಸಿಗೆ ಹೋದೆ. ಅವರೇ ಅಬ್ಬಾ, ಅದೇ ದೀನ್, ಅದೇ ಊರು. ಅಕ್ಕನಿಗೂ ನನಗೂ ಇರುವ ವ್ಯತ್ಯಾಸ ಆ ಒಂದು ಸರಕಾರಿ ಬೋರ್ಡು.

ಅದಕ್ಕೇ ಹೆಣ್ಣುಮಕ್ಕಳ ಸ್ಕೂಲ್ ಅಂದ ಕೂಡಲೇ 'ಹಿಂದುಳಿದವರು' ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ಸರಕಾರ ನೇಮಿಸಿದ ಸಾಚಾರ್ ಸಮಿತಿಯ 2006ರ ವರದಿಯೂ ಮುಸ್ಲಿಂ ಹುಡುಗಿಯರ ಓದು ನಿಲ್ಲದಿರಲು ಹೆಣ್ಣುಮಕ್ಕಳಿಗೇ ಸ್ಕೂಲ್ ತೆಗೆಯಿರಿ ಅಂತ ಹೇಳಿತು. ಆದರೆ ಅದು ಒತ್ತಿ ಹೇಳಿದ್ದು 9ರಿಂದ 12ನೇ ತರಗತಿಗೆ. ಒಟ್ಟಿಗೆ ಓದುವ ಸ್ಕೂಲುಗಳಲ್ಲಿ ಹೆಚ್ಚು ಟೀಚರಮ್ಮಂದಿರನ್ನು ಹಾಕಿ ಅಂತಲೂ ಹೇಳಿತು. ಓದು ನಿಲ್ಲುವ ಜಾಗ ಹೈಸ್ಕೂಲು, ನಮ್ಮಕ್ಕ ನಿಂತದ್ದೂ ಅದರ ಬಾಗಿಲಲ್ಲೇ.

ನಮ್ಮವರ ಲೆಕ್ಕ ನನಗೆ ಬಿಡಿಸಲಾಗದ್ದು ಇಲ್ಲಿ. ಒಂಬತ್ತು ವರ್ಷದ, ಇನ್ನೂ ಬಾಲಿಗ್ ಆಗದ ಮಗುವನ್ನು ಬೇರೆ ಮಾಡುತ್ತಾರೆ. ಅದೇ ಮಗು ಹದಿನೇಳಕ್ಕೆ ನೀಟ್ ಕೋಚಿಂಗ್‌ಗೆ ಹುಡುಗರ ಪಕ್ಕ ಕೂತರೆ ಯಾರೂ ಏನೂ ಅನ್ನುವುದಿಲ್ಲ. ನಾನು ಬಿ.ಎಡ್.ಗೆ ಬೆಂಗಳೂರಿಗೆ ಬಂದಾಗ ಕ್ಲಾಸಿನಲ್ಲಿ ಗಂಡಸರಿದ್ದರು. ಅಬ್ಬಾ ತುಟಿ ಬಿಚ್ಚಲಿಲ್ಲ. ಶಾಸ್ತ್ರ ಹಿಡಿದು ನಡೆಯುವುದಾದರೆ ಉಲ್ಟಾ ಇರಬೇಕಿತ್ತು ಅಲ್ವಾ? ಅಂದರೆ ನಿಜವಾದ ಕಾರಣ ಬಹಳ ಸಲ ಬೇರೆ ಇರುತ್ತದೆ. ವ್ಯಾನ್ ಡ್ರೈವರ್ ಯಾರು, ಟಾಯ್ಲೆಟ್‌ಗೆ ಚಿಲಕ ಇದೆಯಾ, ಫೀಸ್ ಎಷ್ಟು, ತಲೆಗೆ ಸ್ಕಾರ್ಫ್ ಬಿಡುತ್ತಾರಾ. 2022ರ ಫೆಬ್ರವರಿಯಲ್ಲಿ ರಾಜ್ಯ ಸರಕಾರದ ಸಮವಸ್ತ್ರ ಆದೇಶ ಬಂದ ಮೇಲೆ ಈ ಕೊನೆಯ ಪ್ರಶ್ನೆ ನಮ್ಮ ಸ್ಕೂಲಿನಲ್ಲಿ ಜಾಸ್ತಿ ಕೇಳಿಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಆದೇಶದ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ತೀರ್ಪು ಕೊಟ್ಟರು. ಅಪ್ಪಂದಿರು ಕಾಯಲಿಲ್ಲ, ಟಿ.ಸಿ. ತೆಗೆಸಿದರು. ಇಷ್ಟೆಲ್ಲ ನಿಮ್ಮ ಮುಂದೆ ಬಿಡಿಸಿ ಹೇಳುವುದಕ್ಕಿಂತ 'ದೀನ್‌ನಲ್ಲಿ ಹಾಗೇ' ಅನ್ನುವುದು ಸುಲಭ.

ನನ್ನ ಮಗಳನ್ನು ಆರನೇ ಕ್ಲಾಸಿಗೆ ಹೆಣ್ಣುಮಕ್ಕಳ ಸ್ಕೂಲಿಗೆ ಹಾಕಿದೆ. ದೊಡ್ಡವಳಾಗಿದ್ದಳು, ಹುಡುಗರು ರೇಗಿಸುತ್ತಿದ್ದರು, ಹೊಟ್ಟೆನೋವು ಅಂತ ವಾರಕ್ಕೆ ಎರಡು ದಿನ ರಜೆ. ಹೊಸ ಸ್ಕೂಲಿನಲ್ಲಿ ರಜೆ ನಿಂತಿತು. ಥ್ರೋಬಾಲ್ ಟೀಮಿಗೆ ಸೇರಿದಳು, ಗಂಟಲು ದೊಡ್ಡದಾಯಿತು. ಆದರೆ ಒಂದು ವರ್ಷದಲ್ಲಿ ಮೂರು ಸಲ ಗಣಿತದ ಟೀಚರ್ ಬದಲಾದರು. ಲ್ಯಾಬ್ ಅಂದರೆ ಬೀಗ ಹಾಕಿದ ಒಂದು ಬೀರು. ಗಣಿತದ ಟೀಚರ್ ಮಗಳಿಗೆ ಗಣಿತ ಬರದೆ ಹೋಗುವುದನ್ನು ಎರಡು ವರ್ಷ ನೋಡಿದೆ. ತಪ್ಪು ನನ್ನದೇ. 'ಹುಡುಗಿಯರದು' ಅನ್ನುವ ಒಂದು ಪದ ನೋಡಿ ಬೇರೇನೂ ನೋಡದೆ ಸೇರಿಸಿದ್ದೆ. ಒಂಬತ್ತಕ್ಕೆ ವಾಪಸ್ ಎಲ್ಲರೂ ಒಟ್ಟಿಗೆ ಓದುವ ಸ್ಕೂಲಿಗೆ ತಂದೆ. ಅದಕ್ಕೆ ಮುಂಚೆ ನಮ್ಮ ಮಸೀದಿಯ ಹಜ್ರತ್‌ರನ್ನು ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಹತ್ತಿರದಲ್ಲಿ ಹೆಣ್ಣುಮಕ್ಕಳ ಒಳ್ಳೆಯ ಸ್ಕೂಲ್ ಇದ್ದರೆ ಅಲ್ಲಿಗೇ ಕಳಿಸಿ ಅನ್ನುತ್ತಿದ್ದೆ. ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದರೆ ಓದು ಬಿಡಿಸಬೇಡಿ" ಅಂದರು.

ಬೇರೆ ದೇಶಗಳ ಮಾತು ಎರಡೇ ಸಾಲು. ಸೌದಿಯಲ್ಲೇ 2019ರಲ್ಲಿ ಸರಕಾರಿ ಸ್ಕೂಲಿನ ಪುಟ್ಟ ಹುಡುಗರಿಗೆ ಟೀಚರಮ್ಮಂದಿರು ಪಾಠ ಮಾಡಲು ಶುರು ಮಾಡಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಲ್ ಹಿಜ್ರಾ ಅನ್ನುವ ಸ್ಕೂಲು 9 ವರ್ಷ ಆದ ಮಕ್ಕಳನ್ನು ಒಂದೇ ಕಟ್ಟಡದೊಳಗೆ ಪೂರ್ತಿ ಬೇರೆ ಇಡುತ್ತಿತ್ತು. ಅದು ತಾರತಮ್ಯ ಅಂತ ಅಲ್ಲಿನ ಮೇಲ್ಮನವಿ ಕೋರ್ಟು 2017ರಲ್ಲಿ ಹೇಳಿತು. ಹುಡುಗಿಯರಿಗೇ ಬೇರೆ ಸ್ಕೂಲ್ ನಡೆಸಲು ಅಲ್ಲಿ ಅಡ್ಡಿ ಇಲ್ಲ, ಒಟ್ಟಿಗೆ ಸೇರಿಸಿಕೊಂಡು ಒಳಗೆ ಗೋಡೆ ಎಬ್ಬಿಸುವ ಹಾಗಿಲ್ಲ.

ನಿಮ್ಮ ಮಗಳ ವಿಷಯಕ್ಕೆ ಬರೋಣ. ಆ ಹುಡುಗಿ ದೂರವಾದದ್ದು ನಿಮ್ಮ ಮಗಳಿಂದ ಅಲ್ಲ. ಯಾವ ಮಜ್‌ಹಬ್ (ಹನಫಿಯಂಥ ಶಾಸ್ತ್ರ ಪಂಥ) ಹಿಡಿದರೂ ಇಬ್ಬರು ಹುಡುಗಿಯರು ಒಟ್ಟಿಗೆ ಆಡಬಾರದು ಅಂತ ಎಲ್ಲೂ ಇಲ್ಲ. ಅವರಪ್ಪನನ್ನು ಬಿಡಿ, ಅಮ್ಮನಿಗೆ ಫೋನ್ ಮಾಡಿ. ಭಾನುವಾರ ಮಧ್ಯಾಹ್ನ ಮನೆಗೆ ಕಳಿಸಿ ಅಂತ ಕೇಳಿ. ಮನೆಯಲ್ಲಿ ದೊಡ್ಡ ಹುಡುಗರು ಯಾರಾದರೂ ಇದ್ದರೆ ನೀವಾಗಿಯೇ ಮೊದಲು ಹೇಳಿಬಿಡಿ, ಆಯಮ್ಮ ಕೇಳಲು ಮುಜುಗರಪಟ್ಟು ಸುಮ್ನೆ 'ಮಗಳಿಗೆ ಜ್ವರ' ಅಂದುಬಿಡುತ್ತಾರೆ. ಮೊದಲ ಸಲ ಅವರನ್ನೂ ಜೊತೆಗೇ ಕರೆಯಿರಿ. ಟೀ ಕೊಡಿ, ಹೊಸ ಸ್ಕೂಲಿನಲ್ಲಿ ಗಣಿತ ಯಾರು ಹೇಳಿಕೊಡುತ್ತಾರೆ ಅಂತ ಕೇಳಿ ನೋಡಿ.